ಬಲಾಢ್ಯರ ಹಕ್ಕು, ಬಲಾಢ್ಯರ ಹೊಣೆ

(ಸಂವಾದದಲ್ಲಿ ಇಬ್ಬರು. ದೊಡ್ಡಪ್ಪ ಸೇನೆಯಿಂದ ನಿವೃತ್ತರಾದ ಸುಬೇದಾರರು; 1987ರಲ್ಲಿ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋಗಿದ್ದವರು. ಹುಡುಗಿ ಅವರ ತಮ್ಮನ ಮಗಳು. ಅಂತರರಾಷ್ಟ್ರೀಯ ಕಾನೂನು ಓದುತ್ತಿದ್ದಾಳೆ.)

ಹುಡುಗಿ: ದೊಡ್ಡಪ್ಪ, ಸುತ್ತಿಬಳಸದೆ ಹೇಳಿಬಿಡುತ್ತೇನೆ. ಜಗತ್ತಿಗೆ ಪೊಲೀಸ್ ಬೇಕು. ಆ ಕೆಲಸವನ್ನು ಬಲವಿರುವ ದೇಶವೇ ಮಾಡಬೇಕು, ಬೇರೆ ಯಾರಿಂದಲೂ ಆಗುವುದಿಲ್ಲ. ಬಲವಿದ್ದವರು ಕೈಕಟ್ಟಿ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ರುವಾಂಡಾ ಒಂದೇ ಸಾಕು.

ದೊಡ್ಡಪ್ಪ: ಅಲ್ಲಿ ನಡೆದದ್ದನ್ನು ಬಿಡಿಸಿ ಹೇಳಮ್ಮ. ಬರೀ ಹೆಸರು ಹೇಳಿದರೆ ವಾದ ಗಟ್ಟಿಯಾಗುವುದಿಲ್ಲ.

ಹುಡುಗಿ: 1994ರ ಏಪ್ರಿಲ್ 7ರಿಂದ ಸುಮಾರು ನೂರು ದಿನ. ಸತ್ತವರು ಎಂಟು ಲಕ್ಷದಷ್ಟು ಜನ. ಬಹುಪಾಲು ಟುಟ್ಸಿ ಸಮುದಾಯದವರು, ಕೊಲೆಗೆ ಒಪ್ಪದ ಹುಟು ಸಮುದಾಯದವರೂ ಅವರಲ್ಲಿದ್ದರು. ಇದು ಇದ್ದಕ್ಕಿದ್ದಂತೆ ಆದದ್ದಲ್ಲ. ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥ, ಕೆನಡಾದ ರೋಮಿಯೊ ಡಲೇರ್, ಜನವರಿ 11ರಂದೇ ನ್ಯೂಯಾರ್ಕಿಗೆ ತಿಳಿಸಿದ್ದರು: ರಾಜಧಾನಿ ಕಿಗಾಲಿಯಲ್ಲಿ ಆಯುಧ ಬಚ್ಚಿಟ್ಟಿದ್ದಾರೆ, ಟುಟ್ಸಿಗಳ ಪಟ್ಟಿ ತಯಾರಾಗುತ್ತಿದೆ, ದಾಳಿ ಮಾಡಿ ಆಯುಧ ವಶಪಡಿಸಿಕೊಳ್ಳುತ್ತೇನೆ ಎಂದು. ಬೇಡ ಎಂಬ ಉತ್ತರ ಬಂತು. ಕೊಲೆ ಶುರುವಾದ ಮೊದಲ ದಿನವೇ ಆ ಪಡೆಯಲ್ಲಿದ್ದ ಬೆಲ್ಜಿಯಂನ ಹತ್ತು ಸೈನಿಕರನ್ನು ಕೊಂದರು. ಬೆಲ್ಜಿಯಂ ತನ್ನವರನ್ನು ಕರೆಸಿಕೊಳ್ಳಲು ಹೊರಟಿತು. ಆಗ ಕಿಗಾಲಿಯ ಒಂದು ತಾಂತ್ರಿಕ ಶಾಲೆಯ ಆವರಣದಲ್ಲಿ ಎರಡು ಸಾವಿರದಷ್ಟು ಜನ ಬೆಲ್ಜಿಯನ್ ಸೈನಿಕರ ಕಾವಲಿನಲ್ಲಿ ಜೀವ ಹಿಡಿದುಕೊಂಡಿದ್ದರು. ಗೇಟಿನಾಚೆ ಮಚ್ಚು ಹಿಡಿದವರು ಕಾಯುತ್ತಿದ್ದರು. ಏಪ್ರಿಲ್ 11ರಂದು ವಿದೇಶಿಯರನ್ನು ಸುರಕ್ಷಿತವಾಗಿ ಕಳಿಸಿದ ಮೇಲೆ ಸೈನಿಕರೂ ಹೊರಟರು. ಜನ ಗಾಡಿಗಳಿಗೆ ಅಡ್ಡ ನಿಂತು, ಬಿಟ್ಟುಹೋಗಬೇಡಿ ಎಂದು ಅಂಗಲಾಚಿದರು. ಗಾಡಿಗಳು ಹೋದವು. ಅವರಲ್ಲಿ ಹೆಚ್ಚಿನವರನ್ನು ಅದೇ ದಿನ ಕೊಂದರು. ಹತ್ತು ದಿನ ಕಳೆದ ಮೇಲೆ ಭದ್ರತಾ ಮಂಡಳಿ ಸೇರಿ ಮಾಡಿದ್ದೇನು ಗೊತ್ತೇ? ಎರಡೂವರೆ ಸಾವಿರದಷ್ಟಿದ್ದ ಪಡೆಯನ್ನು 270ಕ್ಕೆ ಇಳಿಸಿತು.

ದೊಡ್ಡಪ್ಪ: ಅಮೆರಿಕ ಏನು ಮಾಡುತ್ತಿತ್ತು?

ಹುಡುಗಿ: ಆರು ತಿಂಗಳ ಹಿಂದಷ್ಟೇ ಸೊಮಾಲಿಯಾದ ಮೊಗದಿಶುವಿನಲ್ಲಿ ಅದರ 18 ಸೈನಿಕರು ಸತ್ತಿದ್ದರು. ಆಫ್ರಿಕಾದ ಇನ್ನೊಂದು ದೇಶದ ಗೊಡವೆ ಬೇಡವೆಂದು ದೂರ ಉಳಿಯಿತು. 1998ರಲ್ಲಿ ಅಧ್ಯಕ್ಷ ಕ್ಲಿಂಟನ್ ಕಿಗಾಲಿಯ ವಿಮಾನನಿಲ್ದಾಣಕ್ಕೆ ಬಂದು, ನಾವು ಮಾಡಬೇಕಾದಷ್ಟು ಮಾಡಲಿಲ್ಲ ಎಂಬರ್ಥದಲ್ಲಿ ಮಾತಾಡಿ ಅಲ್ಲಿಂದಲೇ ಹೊರಟುಹೋದರು. ಈಗ ನೀವು ಹೇಳಿ. ಆ ಶಾಲೆಯ ಗೇಟಿನ ಒಳಗೆ ನಿಂತಿದ್ದವರಿಗೆ ಸಾರ್ವಭೌಮತ್ವದ ಪಾಠ ಮಾಡುತ್ತೀರಾ?

ದೊಡ್ಡಪ್ಪ: ಇಲ್ಲಮ್ಮ, ಮಾಡುವುದಿಲ್ಲ. ಆದರೆ ಒಂದನ್ನು ಗಮನಿಸು. ಅವತ್ತು ಬಲವಿದ್ದವರು ಇರಲಿಲ್ಲವೆಂದಲ್ಲ, ಇದ್ದರು, ಬರಲಿಲ್ಲ. ತನ್ನನ್ನು ತಾನೇ ನೇಮಿಸಿಕೊಂಡ ಪೊಲೀಸ್ ಯಾರ ಕೂಗಿಗೆ ಓಡಿಬರಬೇಕು, ಯಾರ ಕೂಗಿಗೆ ಕಿವಿ ಮುಚ್ಚಿಕೊಳ್ಳಬೇಕು ಎಂಬುದನ್ನೂ ತಾನೇ ತೀರ್ಮಾನಿಸುತ್ತಾನೆ. 1990ರಲ್ಲಿ ಸದ್ದಾಂ ಕುವೈತ್‌ಗೆ ನುಗ್ಗಿದಾಗ ಲಕ್ಷಗಟ್ಟಲೆ ಸೈನ್ಯ ಕೆಲವೇ ತಿಂಗಳಲ್ಲಿ ಬಂದಿಳಿಯಿತು. ಕುವೈತ್ ಬಿಡಿಸಿದ್ದು ತಪ್ಪೆಂದು ನಾನು ಹೇಳುವುದಿಲ್ಲ, ಅದಕ್ಕೆ ಭದ್ರತಾ ಮಂಡಳಿಯ ಒಪ್ಪಿಗೆ ಇತ್ತು. ಆದರೆ ಎಣ್ಣೆ ಇದ್ದ ಊರಿಗೆ ಸಿಕ್ಕ ಕಾವಲು ಮಚ್ಚಿನ ಬಾಯಿಗೆ ಸಿಕ್ಕ ಊರಿಗೆ ಸಿಗಲಿಲ್ಲ. ಬಲಾಢ್ಯನೇ ಪೊಲೀಸ್ ಆಗಲಿ ಎಂಬ ನಿನ್ನ ವಾದಕ್ಕೆ ರುವಾಂಡಾ ಬೆಂಬಲವಲ್ಲ, ಅದು ವಿರುದ್ಧ ಸಾಕ್ಷಿ. ಅದಿರಲಿ, ಈ ಪೊಲೀಸ್ ಅಧಿಕಾರದ ಮಾತು ನಿಮ್ಮ ಪುಸ್ತಕಗಳಲ್ಲಿ ಎಲ್ಲಿ ಬರುತ್ತದೆ?

ಹುಡುಗಿ: 1904ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ತಮ್ಮ ಕಾಂಗ್ರೆಸ್ಸಿಗೆ ಕಳಿಸಿದ ವಾರ್ಷಿಕ ಸಂದೇಶದಲ್ಲಿ ಇದೆ. ನೆರೆಹೊರೆಯ ದೇಶಗಳು ಸರಿಯಾಗಿ ನಡೆದುಕೊಳ್ಳದಿದ್ದರೆ ಅಂತರರಾಷ್ಟ್ರೀಯ ಪೊಲೀಸ್ ಅಧಿಕಾರ ಚಲಾಯಿಸುವ ಅನಿವಾರ್ಯತೆ ನಮಗೆ ಬರಬಹುದು ಎಂಬುದು ಅದರ ಸಾರ.

ದೊಡ್ಡಪ್ಪ: ಆ ಮೇಲೆ ಏನಾಯಿತು?

ಹುಡುಗಿ: ಅಮೆರಿಕದ ನೌಕಾಪಡೆಯ ಸೈನಿಕರು 1912ರಿಂದ 1933ರವರೆಗೆ ಬಹುಪಾಲು ನಿಕರಾಗುವಾದಲ್ಲಿದ್ದರು. ಹೈಟಿಯಲ್ಲಿ 1915ರಿಂದ 1934ರವರೆಗೆ. ಡೊಮಿನಿಕನ್ ಗಣರಾಜ್ಯದಲ್ಲಿ 1916ರಿಂದ 1924ರವರೆಗೆ.

ದೊಡ್ಡಪ್ಪ: ಇಪ್ಪತ್ತು ವರ್ಷ ಒಬ್ಬರ ಮನೆಯಲ್ಲಿ ಕುಳಿತವನನ್ನು ಯಾರೂ ಪೊಲೀಸ್ ಎನ್ನುವುದಿಲ್ಲ. ಇನ್ನೊಂದು ಕೇಳುತ್ತೇನೆ. ಅಂಥ ಬಲಾಢ್ಯ ತಪ್ಪು ಮಾಡಿದಾಗ ಅವನನ್ನು ಕೋರ್ಟಿಗೆ ಎಳೆದವರು ಯಾರಾದರೂ ಇದ್ದಾರಾ?

ಹುಡುಗಿ: ಇದ್ದಾರೆ. ಅದೇ ನಿಕರಾಗುವಾ. ಅಲ್ಲಿನ ಸರ್ಕಾರವನ್ನು ಉರುಳಿಸಲು ಅಮೆರಿಕ ಕಾಂಟ್ರಾ ಬಂಡುಕೋರರಿಗೆ ಹಣ, ಆಯುಧ, ತರಬೇತಿ ಕೊಟ್ಟಿತು. 1984ರ ಆರಂಭದಲ್ಲಿ ಅಲ್ಲಿನ ಬಂದರುಗಳಲ್ಲಿ ಸಿಡಿಯುವ ಮೈನುಗಳನ್ನು ಹಾಕಿಸಿತು. ಆ ಪುಟ್ಟ ದೇಶ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ವಿಚಾರಣೆ ನಡೆಸುವ ಅಧಿಕಾರ ತನಗಿದೆ ಎಂದು ನ್ಯಾಯಾಲಯ ಹೇಳಿದ ಮೇಲೆ ಅಮೆರಿಕ ವಿಚಾರಣೆಯಿಂದಲೇ ಹೊರನಡೆಯಿತು. 1986ರ ಜೂನ್ 27ರಂದು ತೀರ್ಪು ಬಂತು: ಅಮೆರಿಕ ಕಾನೂನು ಮುರಿದಿದೆ, ಪರಿಹಾರ ಕೊಡಬೇಕು ಎಂದು. ತೀರ್ಪು ಜಾರಿಯಾಗಲಿ ಎಂಬ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ಅಮೆರಿಕ ವೀಟೊ ಚಲಾಯಿಸಿ ಅದನ್ನು ತಡೆಯಿತು. ಪರಿಹಾರದ ಹಣ ಬರಲೇ ಇಲ್ಲ.

ದೊಡ್ಡಪ್ಪ: ನೋಡು. ನಮ್ಮೂರಿನ ಕಾನ್‌ಸ್ಟೆಬಲ್ ಒಬ್ಬ ಲಾಕಪ್ಪಿನಲ್ಲಿ ಯಾರನ್ನಾದರೂ ಹೊಡೆದು ಸಾಯಿಸಿದರೆ ಅವನ ಮೇಲೆ ಕೇಸು ಹಾಕಬಹುದು. ನ್ಯಾಯ ಸಿಗುವುದು ತಡವಾಗಬಹುದು, ಸಿಗದೆಯೂ ಹೋಗಬಹುದು. ಆದರೂ ಅವನು ಕಾನೂನಿನ ಕೆಳಗೇ ಇದ್ದಾನೆ. ತೀರ್ಪು ಬಂದಾಗ ಕೋರ್ಟಿನ ಬಾಗಿಲು ಹಾಕಿಸುವ ಶಕ್ತಿ ಇರುವವನು ಪೊಲೀಸ್ ಅಲ್ಲ. ನನ್ನ ತಕರಾರು ಬಲದ ಮೇಲಲ್ಲ, ಉತ್ತರ ಹೇಳಬೇಕಾಗಿಲ್ಲದ ಬಲದ ಮೇಲೆ. ರಷ್ಯಾ ಉಕ್ರೇನಿಗೆ ನುಗ್ಗಿ ಭದ್ರತಾ ಮಂಡಳಿಯಲ್ಲಿ ತಾನೇ ವೀಟೊ ಹಾಕಿದಾಗಲೂ ನನಗೆ ಅದೇ ಸಿಟ್ಟು ಬಂತು.

ಹುಡುಗಿ: ಒಪ್ಪುತ್ತೇನೆ. ಆದರೆ ಬಲಾಢ್ಯರು ಬಂದದ್ದರಿಂದ ಒಳ್ಳೆಯದೂ ಆಗಿದೆಯಲ್ಲ. ನಮ್ಮ ಮೈಸೂರನ್ನೇ ತೆಗೆದುಕೊಳ್ಳಿ. ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ ರಸ್ತೆ ಬಂತು, ರೈಲು ಬಂತು, ಶಾಲೆಗಳು ಬಂದವು.

ದೊಡ್ಡಪ್ಪ: ಬಂದವು. ನಗರ ಸೀಮೆಯ ರೈತರು ದಂಗೆಯೆದ್ದರು, ರಾಜ್ಯದಲ್ಲಿ ದುರಾಡಳಿತವಿದೆ ಎಂದು ಹೇಳಿ ಬ್ರಿಟಿಷರು 1831ರಲ್ಲಿ ಆಡಳಿತ ಕೈಗೆತ್ತಿಕೊಂಡರು. ದುರಾಡಳಿತ ಇರಲಿಲ್ಲವೆಂದು ನಾನೂ ಹೇಳಲಾರೆ. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರು ರಾಜ್ಯ ಹಿಂದಿರುಗಿಸಿ ಎಂದು ಮನವಿಯ ಮೇಲೆ ಮನವಿ ಕೊಟ್ಟು, ಅದನ್ನು ಕಾಣದೆ 1868ರಲ್ಲಿ ತೀರಿಕೊಂಡರು. ಮರಳಿ ಬಂದದ್ದು 1881ರಲ್ಲಿ, ದತ್ತುಮಗನಿಗೆ. ಅಂದರೆ ಐವತ್ತು ವರ್ಷ. ದುರಾಡಳಿತದ ಆರೋಪದ ಮೇಲೆಯೇ 1834ರಲ್ಲಿ ಕೊಡಗನ್ನು ತೆಗೆದುಕೊಂಡವರು ಅದನ್ನು ಆ ಮನೆತನಕ್ಕೆ ಹಿಂದಿರುಗಿಸಲೇ ಇಲ್ಲ. ರಸ್ತೆ ಚೆನ್ನಾಗಿತ್ತು ಎಂಬುದು ನಿಜವೇ. ಬಂದವನು ಯಾವಾಗ ಹೋಗುತ್ತಾನೆ ಎಂದು ಕೇಳುವ ಹಕ್ಕು ಮಾತ್ರ ಯಾರಿಗೂ ಇರಲಿಲ್ಲ.

ಹುಡುಗಿ: ನೀವು ಶ್ರೀಲಂಕಾದ ಜಾಫ್ನಾದಲ್ಲಿ ಇದನ್ನೇ ಕಂಡಿರಾ?

ದೊಡ್ಡಪ್ಪ: ಅಲ್ಲಿ ನಾವೇ ಆ ಬಂದವರಾಗಿದ್ದೆವು ಕಣಮ್ಮ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ, ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ನಾವು ಹೋಗಿ ಇಳಿದಾಗ ತಮಿಳರು ಹೂವಿನ ಹಾರ ಹಾಕಿದರು. ಸಿಂಹಳ ಸೈನ್ಯದ ಕಾಟ ತಪ್ಪಿತು ಎಂದು ಹೆಂಗಸರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಅಕ್ಟೋಬರ್‌ನಲ್ಲಿ ತಮಿಳು ಬಂಡುಕೋರರ ಸಂಘಟನೆ ಎಲ್‌ಟಿಟಿಇ ಜೊತೆ ನಮಗೇ ಯುದ್ಧ ಶುರುವಾಯಿತು. ಹಾರ ಹಾಕಿದ ಬೀದಿಗಳಲ್ಲೇ ನೆಲಬಾಂಬು ಸಿಡಿಯಿತು. ನಾನು ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದವನಾದ್ದರಿಂದ ತಮಿಳು ಬರುತ್ತಿತ್ತು. ಚೆಕ್‌ಪೋಸ್ಟಿನಲ್ಲಿ ನನ್ನನ್ನೇ ನಿಲ್ಲಿಸುತ್ತಿದ್ದರು. ಒಬ್ಬ ಮುದುಕಿ ದಿನಾ ಸೈಕಲ್ಲಿನ ಹಿಂದೆ ಮೊಮ್ಮಗನನ್ನು ಕೂರಿಸಿಕೊಂಡು, ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು. ಬುಟ್ಟಿಯಲ್ಲಿದ್ದ ನುಗ್ಗೆಕಾಯಿಯನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟು, ತಳ ನೋಡಿ, ಮತ್ತೆ ತುಂಬಿಸಬೇಕಿತ್ತು. ಒಂದು ದಿನ ಕೇಳಿದಳು: ನಿಮ್ಮನ್ನು ಕರೆದವರು ಯಾರು ತಂಬಿ, ನಮ್ಮನ್ನು ಯಾರೂ ಕೇಳಲಿಲ್ಲವಲ್ಲ? ಮೇಲಿನವರ ಆದೇಶ ಎಂದೆ. ಯಾರ ಮೇಲಿನವರು ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹುಡುಗಿ: ಒಪ್ಪಂದ ಎರಡು ಸರ್ಕಾರಗಳ ನಡುವಿನದು. ತಮಿಳರ ಯಾವ ಪಕ್ಷವೂ ಅದಕ್ಕೆ ಸಹಿ ಹಾಕಿರಲಿಲ್ಲ.

ದೊಡ್ಡಪ್ಪ: ಹೌದು. ಆ ಅಕ್ಟೋಬರ್‌ನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಸತ್ತರು. ಇದನ್ನು ಮುಚ್ಚಿಟ್ಟು ನಾವು ಬೇರೆಯವರ ತಪ್ಪಿನ ಮಾತಾಡಬಾರದು. ಕೊನೆಗೆ ಅಲ್ಲಿನ ಅಧ್ಯಕ್ಷ ಪ್ರೇಮದಾಸರೇ ಹೊರಡಿ ಎಂದರು. ನಮ್ಮನ್ನು ಓಡಿಸಲು ಎಲ್‌ಟಿಟಿಇಗೆ ಆಯುಧವನ್ನೂ ಕೊಟ್ಟರು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಹಿಂದಿರುಗುವ ಹೊತ್ತಿಗೆ ನಮ್ಮವರು ಸುಮಾರು 1,200 ಜನ ಸತ್ತಿದ್ದರು. ಮರುವರ್ಷ ಶ್ರೀಪೆರುಂಬುದೂರಿನಲ್ಲಿ ಅದೇ ಎಲ್‌ಟಿಟಿಇ ರಾಜೀವ್ ಅವರನ್ನು ಕೊಂದಿತು. ಹಂತಕರ ತಂಡದ ಶಿವರಾಸನ್ ಹೆಣ ಸಿಕ್ಕಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ. ದೂರದ ಊರಿನ ಜಗಳ ತೀರಿಸಲು ಹೋದದ್ದು ಹೀಗೆ ಮನೆ ಬಾಗಿಲಿಗೆ ಬರುತ್ತದೆ.

ಹುಡುಗಿ: ಹಾಗಾದರೆ 1971ರ ಬಾಂಗ್ಲಾ ಯುದ್ಧ? ಅದೂ ನಾವೇ ಮಾಡಿದ್ದು. ಅದನ್ನು ತಪ್ಪೆನ್ನುತ್ತೀರಾ?

ದೊಡ್ಡಪ್ಪ: ಇಲ್ಲ. ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಡಿಸೆಂಬರ್ 3ರಂದು ಪಾಕಿಸ್ತಾನದ ವಿಮಾನಗಳೇ ನಮ್ಮ ನೆಲೆಗಳ ಮೇಲೆ ಬಾಂಬು ಹಾಕಿದವು.

ಹುಡುಗಿ: ಅದಕ್ಕೆ ತಿಂಗಳುಗಳ ಮೊದಲೇ ಅಲ್ಲಿನ ಬಂಡುಕೋರರ ಮುಕ್ತಿವಾಹಿನಿಗೆ ನಾವು ತರಬೇತಿ, ಆಯುಧ ಕೊಡುತ್ತಿದ್ದೆವು. ಪಾಕಿಸ್ತಾನ ಎರಡಾಗುವುದರಲ್ಲಿ ನಮಗೆ ಲಾಭವೂ ಇತ್ತು. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಯುದ್ಧ ನಿಲ್ಲಿಸಿ, ಸೈನ್ಯ ಹಿಂದೆಗೆಯಿರಿ ಎಂಬ ನಿರ್ಣಯದ ಪರ 104 ಮತ, ವಿರುದ್ಧ 11. ಭದ್ರತಾ ಮಂಡಳಿಯಲ್ಲಿ ಸೋವಿಯತ್ ಒಕ್ಕೂಟದ ವೀಟೊ ನಮ್ಮನ್ನು ಕಾಪಾಡಿತು. ನೀವು ಈಗ ತಾನೇ ಬೈದ ವೀಟೊ ದೊಡ್ಡಪ್ಪ! ಶ್ರೀಲಂಕಾಕ್ಕೆ ಒಪ್ಪಂದವಿತ್ತು, ಕಾನೂನಿನ ಬಲವಿತ್ತು, ಅದು ಹಾಳಾಯಿತು. ಬಾಂಗ್ಲಾಕ್ಕೆ ಜಗತ್ತಿನ ಮತ ನಮ್ಮ ವಿರುದ್ಧವಿತ್ತು, ಅದು ಒಳ್ಳೆಯದಾಯಿತು. ಬರೀ ಕಾನೂನಿನಿಂದ ಅಳೆದರೆ ನಿಮ್ಮ ಎರಡೂ ಉದಾಹರಣೆಗಳು ತಲೆಕೆಳಗಾಗುತ್ತವೆ.

ದೊಡ್ಡಪ್ಪ: ಒಳ್ಳೆಯ ಪೆಟ್ಟು ಕೊಟ್ಟೆ. ನಿಜ, ಕಾನೂನಿನ ಕಾಗದವೊಂದೇ ಸಾಲದು. ಹಾಗಾದರೆ ಎರಡರ ನಡುವಿನ ವ್ಯತ್ಯಾಸ ಎಲ್ಲಿದೆ ಎಂದು ಹುಡುಕೋಣ. 1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ 169 ಸ್ಥಾನಗಳಲ್ಲಿ 167 ಅವಾಮಿ ಲೀಗ್‌ಗೆ ಬಂದಿದ್ದವು. ಇಡೀ ಪಾಕಿಸ್ತಾನದ ಸಂಸತ್ತಿನಲ್ಲಿ ಅದೇ ಬಹುಮತ. ಅಲ್ಲಿನ ಜನ ತಮ್ಮ ತೀರ್ಮಾನವನ್ನು ಮೊದಲೇ ಹೇಳಿಯಾಗಿತ್ತು. ನಾವು ಅದಕ್ಕೆ ಹೆಗಲು ಕೊಟ್ಟೆವು. ಪಾಕಿಸ್ತಾನದ ಸೈನ್ಯ ಅಲ್ಲಿ ಕೊಲೆ ಶುರುಮಾಡಿದ್ದು 1971ರ ಮಾರ್ಚ್ 25ರ ರಾತ್ರಿ. ನಾವು ಯುದ್ಧಕ್ಕಿಳಿದದ್ದು ಎಂಟು ತಿಂಗಳ ಬಳಿಕ, ಇಂದಿರಾ ಗಾಂಧಿ ಪಶ್ಚಿಮದ ರಾಜಧಾನಿಗಳನ್ನೆಲ್ಲ ಸುತ್ತಿ ಬಂದ ಮೇಲೆ. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ. ಮುಂದಿನ ಮಾರ್ಚಿನಲ್ಲಿ ನಮ್ಮ ಸೈನ್ಯ ಕವಾಯತು ಮಾಡಿ ಹೊರಟುಬಂತು. ಲಾಭ ಇತ್ತು, ಅಲ್ಲಗಳೆಯುವುದಿಲ್ಲ. ಪೂರ್ತಿ ನಿಸ್ವಾರ್ಥ ದೇಶ ಎಲ್ಲೂ ಇಲ್ಲ. ಆದ್ದರಿಂದಲೇ ಮನಸ್ಸಿನ ಶುದ್ಧಿಯನ್ನು ಅಳೆಯಲು ಹೋಗಬಾರದು. ಹೋದವರು ಅಲ್ಲಿನ ಜನರಿಗೆ ಉತ್ತರ ಹೇಳಿದರೇ, ಅವರ ತೀರ್ಮಾನವನ್ನು ಅವರ ಕೈಗೇ ಕೊಟ್ಟು ಬಂದರೇ ಎಂದು ನೋಡಬೇಕು.

ಹುಡುಗಿ: ಆ ಹೊತ್ತಿನಲ್ಲಿ ಪೊಲೀಸ್ ಎಂದು ಹೇಳಿಕೊಳ್ಳುತ್ತಿದ್ದ ದೇಶ ಕೊಲೆಗಾರರ ಪಕ್ಕದಲ್ಲಿ ನಿಂತಿತ್ತು. ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು ಏಪ್ರಿಲ್ 6ರಂದೇ ವಾಷಿಂಗ್ಟನ್ನಿಗೆ ಪ್ರತಿಭಟನೆಯ ತಂತಿ ಕಳಿಸಿದ್ದರು. ಅಧ್ಯಕ್ಷ ನಿಕ್ಸನ್, ಅವರ ಸಲಹೆಗಾರ ಕಿಸಿಂಜರ್ ಅವರಿಗೆ ಚೀನಾದ ಬಾಗಿಲು ತೆರೆಯಲು ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಬೇಕಾಗಿದ್ದ. ಬ್ಲಡ್ ಅವರನ್ನು ಅಲ್ಲಿಂದ ಎತ್ತಂಗಡಿ ಮಾಡಿದರು. ಯುದ್ಧದ ಕೊನೆಗೆ ಎಂಟರ್‌ಪ್ರೈಸ್ ವಿಮಾನವಾಹಕ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿದ್ದು ನಮ್ಮನ್ನು ಹೆದರಿಸಲು.

ದೊಡ್ಡಪ್ಪ: ಅದೇ ಅಮೆರಿಕ 2003ರಲ್ಲಿ ಇರಾಕಿಗೆ ನುಗ್ಗಿದ್ದು ನನ್ನ ತೂಕದಲ್ಲಿ ಯಾವ ಕಡೆಯಿಂದಲೂ ನಿಲ್ಲುವುದಿಲ್ಲ. ಭದ್ರತಾ ಮಂಡಳಿ ಒಪ್ಪಲಿಲ್ಲ, ಇರಾಕಿನ ಜನ ಕರೆಯಲಿಲ್ಲ, ಇದೆ ಎಂದ ಸಾಮೂಹಿಕ ವಿನಾಶದ ಅಸ್ತ್ರ ಸಿಗಲಿಲ್ಲ. ಗೆದ್ದ ಮೇಲೆ ಅಲ್ಲಿನ ಸೈನ್ಯವನ್ನೇ ವಿಸರ್ಜಿಸಿದರು. ಲಕ್ಷಾಂತರ ಮಂದಿ ತರಬೇತಿ ಪಡೆದವರು ಸಂಬಳವಿಲ್ಲದೆ ಬೀದಿಗೆ ಬಿದ್ದರೆ ಏನಾಗುತ್ತದೆ ಎಂದು ಯಾವ ಸಿಪಾಯಿಯನ್ನು ಕೇಳಿದ್ದರೂ ಹೇಳುತ್ತಿದ್ದ. ಆಮೇಲೆ ನಮ್ಮನ್ನೂ ಒಂದಿಡೀ ಡಿವಿಷನ್ ಕಳಿಸಿ ಎಂದು ಕೇಳಿದರು. ವಾಜಪೇಯಿ ಸರ್ಕಾರ ಜುಲೈ 14ರಂದು, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದಿತು. ಬಲಾಢ್ಯ ಸ್ನೇಹಿತನಿಗೆ ಇಲ್ಲ ಎಂದದ್ದು ಜಾಫ್ನಾದಿಂದ ಬಂದ ನನ್ನಂಥವರಿಗೆ ಸಮಾಧಾನ ತಂದಿತು.

ಹುಡುಗಿ: ನಿಮ್ಮ ಮಾತೆಲ್ಲ ಒಪ್ಪಿದರೂ ನನ್ನ ಪ್ರಶ್ನೆ ಉಳಿಯುತ್ತದೆ. ನಾಳೆ ಇನ್ನೊಂದು ಕಿಗಾಲಿ ಆದರೆ ಹೋಗುವವರು ಯಾರು? ವಿಶ್ವಸಂಸ್ಥೆಯ ಸನ್ನದಿನ 43ನೇ ವಿಧಿಯಲ್ಲಿ ಸದಸ್ಯ ದೇಶಗಳು ಒಪ್ಪಂದ ಮಾಡಿಕೊಂಡು ಭದ್ರತಾ ಮಂಡಳಿಗೆ ಸೈನ್ಯ ಒದಗಿಸಬೇಕು ಎಂದಿದೆ. 1945ರಿಂದ ಇವತ್ತಿನವರೆಗೆ ಅಂಥ ಒಂದು ಒಪ್ಪಂದವೂ ಆಗಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂಬಂತೆ, ಅಧಿಕಾರವಿದ್ದವರಿಗೆ ಸೈನ್ಯವಿಲ್ಲ, ಸೈನ್ಯವಿದ್ದವರಿಗೆ ಅಧಿಕಾರವಿಲ್ಲ.

ದೊಡ್ಡಪ್ಪ: ಹೋಗಲೇಬೇಕು. ಆದರೆ ಒಬ್ಬನೇ ಹೋಗಬಾರದು. ಏಡನ್ ಕೊಲ್ಲಿಯ ಕಡಲ್ಗಳ್ಳರ ವಿಷಯ ನೋಡು. 2008ರಿಂದ ನಮ್ಮ ನೌಕಾಪಡೆ ಅಲ್ಲಿ ಗಸ್ತು ತಿರುಗುತ್ತಿದೆ. ಅಮೆರಿಕ, ಯೂರೋಪ್, ಚೀನಾದ ಹಡಗುಗಳೂ ಇದ್ದವು. 2024ರ ಮಾರ್ಚಿನಲ್ಲಿ ರುವೆನ್ ಎಂಬ ಅಪಹೃತ ಹಡಗನ್ನು ಐಎನ್‌ಎಸ್ ಕೋಲ್ಕತ್ತಾ ತಡೆದು ನಿಲ್ಲಿಸಿತು. ನಮ್ಮ ಮಾರ್ಕೋಸ್ ಕಮಾಂಡೊಗಳನ್ನು ವಿಮಾನದಿಂದ ಕಡಲಿಗೆ ಇಳಿಸಿದರು. ಸುಮಾರು 40 ಗಂಟೆಯ ಬಳಿಕ 35 ಕಡಲ್ಗಳ್ಳರು ಶರಣಾದರು, ಒತ್ತೆಯಲ್ಲಿದ್ದ 17 ನಾವಿಕರು ಬದುಕಿ ಬಂದರು. ಹಿಡಿದವರನ್ನು ಅಲ್ಲೇ ಮುಗಿಸಲಿಲ್ಲ. ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸಿದರು, ಕಡಲ್ಗಳ್ಳತನ ತಡೆ ಕಾಯಿದೆಯ ಕೆಳಗೆ ಕೇಸು ನಡೆಯಲಿ ಎಂದು. ಇದು ಪೊಲೀಸ್ ಕೆಲಸ. ಹಲವರು ಹಂಚಿಕೊಂಡದ್ದು, ಕೋರ್ಟಿನ ಮುಂದೆ ಹೋಗಿ ನಿಂತದ್ದು.

ಹುಡುಗಿ: ಕಡಲ್ಗಳ್ಳರ ಪರ ವೀಟೊ ಹಾಕುವ ದೇಶ ಇಲ್ಲವಲ್ಲ. ಅದು ಸುಲಭದ ಉದಾಹರಣೆ.

ದೊಡ್ಡಪ್ಪ: ಕಷ್ಟದ್ದೂ ಇದೆ. ಕೊರಿಯಾ ಯುದ್ಧ ನಿಂತ ಮೇಲೆ, ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಮಿಕ್ಕಿದ ಯುದ್ಧಕೈದಿಗಳಿದ್ದರು. ಚೀನಾ, ಅಮೆರಿಕ ಎರಡೂ ಕಡೆಯವರು ಹಲ್ಲು ಕಡಿಯುತ್ತಿದ್ದ ಹೊತ್ತು. ಆ ಕೈದಿಗಳನ್ನು ನೋಡಿಕೊಳ್ಳಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಕಾವಲಿಗೆ ಭಾರತದ ಸೈನಿಕರು. 1953ರಲ್ಲಿ ನಮ್ಮದು ಬಲಾಢ್ಯ ದೇಶವೇ ಅಲ್ಲ. ಎರಡೂ ಕಡೆಯವರು ಒಪ್ಪಿದ್ದರು, ಅದೊಂದೇ ನಮ್ಮ ಅಧಿಕಾರ. ಆಮೇಲೆ ಅವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿ, 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಬಂದ ಸೈನಿಕನನ್ನು ಆ ಊರು ಹೀಗೆ ನೆನೆಯುವುದಾದರೆ ಅವನು ಅಲ್ಲಿ ಸರಿಯಾಗಿ ನಡೆದುಕೊಂಡಿದ್ದಾನೆ ಎಂದರ್ಥ.

ಹುಡುಗಿ: ಹಾಗಿದ್ದರೆ ಮೊದಲು ಬದಲಾಗಬೇಕಾದದ್ದು ವೀಟೊ. ಪೂರ್ತಿ ತೆಗೆಯಲು ಅದನ್ನು ಹೊಂದಿರುವ ಐವರು ಕಾಯಂ ಸದಸ್ಯರು ಒಪ್ಪುವುದಿಲ್ಲ. ಆದರೆ ಸಾಮೂಹಿಕ ಕೊಲೆಯ ಪ್ರಶ್ನೆ ಬಂದಾಗ ಅದನ್ನು ಬಳಸದಿರೋಣ ಎಂದು ಐವರಲ್ಲಿ ಒಂದಾದ ಫ್ರಾನ್ಸೇ ಹೇಳಿದೆ. 2022ರ ಏಪ್ರಿಲ್‌ನಲ್ಲಿ ಮಹಾಸಭೆ ಒಂದು ನಿಯಮ ತಂದಿತು: ಯಾರೇ ವೀಟೊ ಹಾಕಿದರೂ ಹತ್ತು ಕೆಲಸದ ದಿನಗಳೊಳಗೆ ಮಹಾಸಭೆ ಸೇರಿ ಅದನ್ನು ಚರ್ಚಿಸಬೇಕು. ಶಿಕ್ಷೆ ಇಲ್ಲ. ಆದರೂ ಎಲ್ಲರ ಮುಂದೆ ಆ ವೀಟೊ ವಿಚಾರಣೆಗೆ ಬರುತ್ತದೆ. ನೀವು ಕೇಳುತ್ತಿರುವ ಉತ್ತರದಾಯಿತ್ವದ ಮೊದಲ ಮೆಟ್ಟಿಲು ಇದು.

ದೊಡ್ಡಪ್ಪ: ಆ ಮೆಟ್ಟಿಲು ಹತ್ತಬೇಕಾದವರಲ್ಲಿ ನಾವೂ ಇದ್ದೇವೆ ಮಗಳೇ. ನಮ್ಮ ದೇಶ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಕೇಳುತ್ತಿದೆ. ಕೇಳುವುದು ನ್ಯಾಯ, ನಮ್ಮಷ್ಟು ಶಾಂತಿಪಾಲಕರನ್ನು ಕಳಿಸಿದ ದೇಶಗಳು ಕೆಲವೇ. ಆದರೆ ಆ ಕುರ್ಚಿ ಸಿಗುವ ಮೊದಲೇ ನಮ್ಮ ಸಂಸತ್ತಿನಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ದಾಖಲಾಗಬೇಕು.

ಹುಡುಗಿ: ಮೊದಲನೆಯದನ್ನು ನಾನು ಕೇಳುತ್ತೇನೆ. ಶಾಲೆಯೊಂದರಲ್ಲಿ ಎರಡು ಸಾವಿರ ಜನ ಜೀವ ಹಿಡಿದುಕೊಂಡು ಕೂಗುತ್ತಿರುವಾಗ, ಅಲ್ಲಿ ನಮಗೆ ಯಾವ ಲಾಭವೂ ಇಲ್ಲದಿರುವಾಗ, ಎಷ್ಟು ಸೈನಿಕರನ್ನು ಎಷ್ಟು ದಿನದೊಳಗೆ ಕಳಿಸುತ್ತೀರಿ?

ದೊಡ್ಡಪ್ಪ: ಎರಡನೆಯದು ನನ್ನದು. ಹೋದ ಮೇಲೆ ನಮ್ಮ ಸೈನಿಕ ತಪ್ಪು ಮಾಡಿದರೆ, ಅಲ್ಲಿನ ಮುದುಕಿಯೊಬ್ಬಳು ಯಾವ ಕೋರ್ಟಿನ ಬಾಗಿಲು ತಟ್ಟಬೇಕು? ಎರಡಕ್ಕೂ ಉತ್ತರ ಇಟ್ಟುಕೊಂಡ ದೇಶ ಧೈರ್ಯವಾಗಿ ಹೋಗಲಿ, ಜಗತ್ತು ಅದನ್ನು ಕರೆಯಲಿ. ಒಂದಕ್ಕೇ ಉತ್ತರವಿದ್ದರೆ, ಅದು ಅಮೆರಿಕವಾಗಲಿ, ರಷ್ಯಾ ಆಗಲಿ, ಚೀನಾ ಆಗಲಿ, ನಾಳೆ ನಾವೇ ಆಗಲಿ, ಇನ್ನೊಬ್ಬರ ಊರನ್ನು ಕಾಯುವ ಹಕ್ಕು ಅದಕ್ಕಿಲ್ಲ.